ಮಾವ ಎತ್ತಬೇಡ

ಭಾನುವಾರ ಬೆಳಿಗ್ಗೆ ನಾನು, ಸೀನ, ಮೇಷ್ಟ್ರು ದರ್ಶಿನಿ ಮುಂದೆ ಬೈಟು ಕಾಫಿ ಹಿಡಿದು ನಿಂತಿದ್ದೆವು. ಸೀನನ ಮುಖ ಹಳಸಿದ ಚಟ್ನಿ ಹಾಗಿತ್ತು.

"ಏನೋ, ಮನೆಯಲ್ಲಿ ಜಗಳಾನಾ?" ಅಂದೆ.

"ಎಲ್ಲ ಆ ಕ್ಲೌಡಿಂದ ಕಣೋ, ನಮ್ಮ ಫೋನಿನದ್ದನ್ನೆಲ್ಲ ನೆಟ್‌ನಲ್ಲಿ ಇಟ್ಟುಕೊಳ್ಳುತ್ತಲ್ಲ, ಅದು. ಅವಳಿಗೆ ಹೊಸ ಫೋನ್ ಕೊಡಿಸಿದೆ. ಇನ್ನೊಂದು ಅಕೌಂಟು, ಇನ್ನೊಂದು ಪಾಸ್‌ವರ್ಡು ಯಾಕೆ ಅಂತ ಸುಮ್ನೆ ನನ್ನ ಮೇಲ್ ಐಡಿನೇ ಹಾಕಿಕೊಟ್ಟೆ. ನನ್ನ ಕಾಂಟ್ಯಾಕ್ಟ್ ಎಲ್ಲ ಅವಳ ಫೋನಿಗೆ ಹೋಗಿ ಕೂತಿದೆ. ರಾತ್ರಿ ಊಟಕ್ಕೆ ಕೂತಾಗ ಅವಳಪ್ಪ ಅವಳಿಗೆ ಫೋನ್ ಮಾಡಿದರು."

"ಮಾಡಲಿ, ಅದರಲ್ಲೇನು?"

"ಸ್ಕ್ರೀನ್ ಮೇಲೆ 'ಮಾವ ಎತ್ತಬೇಡ' ಅಂತ ಬಂತು."

ಮೇಷ್ಟ್ರಿಗೆ ಕಾಫಿ ನೆತ್ತಿಗೆ ಹತ್ತಿತು. ಸೀನನ ತಪ್ಪೂ ಅಲ್ಲ ಅನ್ನಿ. ಮಾವ ಸೈಟಿನ ವಿಷಯ ತೆಗೆದರೆ ಮುಕ್ಕಾಲು ಗಂಟೆ ಫೋನ್ ಇಡುವುದಿಲ್ಲ. ಆದರೆ ಇದನ್ನು ಹೆಂಡತಿಗೆ ಹೇಳೋಕಾಗುತ್ತಾ?

"ಬಾತ್‌ರೂಮಿಗೆ ಹೋಗಿ ನನ್ನ ಫೋನಲ್ಲಿ ಆ ನಂಬರನ್ನೇ ಡಿಲೀಟ್ ಮಾಡಿದೆ. ಸ್ವಲ್ಪ ಹೊತ್ತಿಗೆ ಅವಳ ಫೋನಲ್ಲೂ ಮಾಯ! 'ನಮ್ಮಪ್ಪನ ನಂಬರನ್ನೇ ತೆಗೆದುಹಾಕಿದ್ರಾ' ಅಂತ ಎರಡನೇ ಕೇಸು."

ಮೇಷ್ಟ್ರು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು. "ಸಿಂಕ್ ಅನ್ನೋದು ನಮ್ಮ ಬೀದಿ ಪದ್ದಮ್ಮ ಇದ್ದ ಹಾಗೆ ಕಣಪ್ಪ. ಈ ತುದಿಯಲ್ಲಿ ಆದದ್ದನ್ನು ಆ ತುದಿಗೆ ಮುಟ್ಟಿಸೋದಷ್ಟೇ ಅದರ ಕೆಲಸ. ಸೇರಿಸಿದ್ದನ್ನೂ ಮುಟ್ಟಿಸುತ್ತೆ, ಅಳಿಸಿದ್ದನ್ನೂ ಮುಟ್ಟಿಸುತ್ತೆ. ಬ್ಯಾಕಪ್ ಬೇರೆ. ಅದು ಇನ್ನೊಂದು ಪ್ರತಿ ಎತ್ತಿಟ್ಟ, ಅಟ್ಟದ ಮೇಲಿನ ಟ್ರಂಕು."

ಸೀನನ ಲೋಟ ಅರ್ಧಕ್ಕೇ ನಿಂತಿತು. "ಮೇಷ್ಟ್ರೇ, ಫೋಟೋನೂ ಹಾಗೇನಾ? ಫೋನ್ ತುಂಬಿತು ಅಂತ ನೆನ್ನೆ ಮಗಳ ನಾಮಕರಣದ ಫೋಟೋ ಎಲ್ಲ ಅಳಿಸಿದೆ. ಕ್ಲೌಡಲ್ಲಿ ಇರುತ್ತಲ್ಲ ಅಂತ..."

"ಬೇಗ ಕಸದ ಬುಟ್ಟಿ ನೋಡು! ಕ್ಲೌಡಿಗೆ ಹೋಗಿದ್ದರೆ ಗೂಗಲ್ ಫೋಟೋಸಲ್ಲಿ 60 ದಿನ ಬಿದ್ದಿರುತ್ತೆ. ಐಫೋನಲ್ಲಿ 30."

ನೋಡಿದ. ಇತ್ತು. ತೊಟ್ಟಿಲಲ್ಲಿ ಮಗು, ಪಕ್ಕದಲ್ಲಿ ಅದೇ ಮಾವ, ಅಳಿಸದೆ ಫೋನಲ್ಲೇ ಉಳಿದಿದ್ದು ಗುಲಾಬಿ ಹೂವಿನ ಶುಭೋದಯಗಳ ರಾಶಿ. ಜಾಗ ತಿಂದಿದ್ದು ಅವು. ಇವನು ಅಳಿಸಲು ಹೊರಟಿದ್ದು ಮಗುವನ್ನು.

"ಮೊದಲು ಈ ತಲೆನೋವೇ ಇರಲಿಲ್ಲ" ಅಂದೆ. "ಸ್ವಲ್ಪ ಕುಗ್ಗಿಸಿದ ಫೋಟೋ ಎಷ್ಟು ಬೇಕಾದರೂ ಗೂಗಲ್‌ಗೆ ಪುಕ್ಕಟೆ ತುಂಬಬಹುದಿತ್ತು. 2021ರ ಜೂನ್ 1ಕ್ಕೆ ಅದು ಮುಗೀತು. ಈಗ ಮೇಲು, ಡ್ರೈವು, ಫೋಟೋ ಎಲ್ಲಕ್ಕೂ ಸೇರಿ 15 ಜಿಬಿ."

"ಐಫೋನಿನ ಐಕ್ಲೌಡಲ್ಲಿ 2011ರಲ್ಲೂ ಪುಕ್ಕಟೆ 5 ಜಿಬಿ, ಈಗಲೂ 5" ಅಂದರು ಮೇಷ್ಟ್ರು. "ನಮ್ಮ ಮನೆ ಬಾಡಿಗೆ ಹಾಗಿದ್ದಿದ್ದರೆ!"

ಮೇಷ್ಟ್ರಿಗೂ ಒಂದು ತಾಪತ್ರಯ ಇತ್ತು, ಬಿಡಿ. ಚೀಟಿ ಲೆಕ್ಕದ ಫೈಲನ್ನು ಊರಲ್ಲಿ ನೆಟ್‌ವರ್ಕ್ ಇಲ್ಲದಾಗ ಅವರೂ ತಿದ್ದಿದ್ದಾರೆ, ಇಲ್ಲಿ ಅಳಿಯನೂ ತಿದ್ದಿದ್ದಾನೆ. ಯಾವುದು ಸರಿ ಅಂತ ಗೊತ್ತಾಗದೆ ಕ್ಲೌಡು ಎರಡನ್ನೂ ಇಟ್ಟುಕೊಂಡಿದೆ. "ಸೀನ, ಒಂದರಲ್ಲಿ ನೀನು ಈ ತಿಂಗಳ ಕಂತು ಕಟ್ಟಿದ್ದೀಯ, ಇನ್ನೊಂದರಲ್ಲಿ ಇಲ್ಲ."

"ಕಟ್ಟಿಲ್ಲ ಅನ್ನೋದನ್ನ ಅಳಿಸಿಬಿಡಿ ಮೇಷ್ಟ್ರೇ. ಕಸದ ಬುಟ್ಟಿಯಿಂದಲೂ."

ಅಷ್ಟರಲ್ಲಿ ಸೀನನ ಫೋನ್ ಹೊಡೆಯಿತು. ಹೆಸರಿಲ್ಲ, ಬರೀ ನಂಬರು. ಎತ್ತಿದ.

"ಹಲೋ, ಯಾರು ಮಾತಾಡೋದು?... ಓ! ನಮಸ್ಕಾರ ಮಾವ... ಹೂಂ, ಸೈಟಿನ ವಿಷಯ... ಹೇಳಿ, ಹೇಳಿ..."

ನಾವು ಇನ್ನೊಂದು ಬೈಟುಗೆ ಟೋಕನ್ ತೆಗೆದೆವು.