ಬೀರು, ಉಪ್ಪಿನಕಾಯಿ ಮತ್ತು ಒಂದು ಜಾಮೀನು

ಭಾನುವಾರ ಬೆಳಿಗ್ಗೆ 7:10ಕ್ಕೆ ನಮ್ಮ ‘ಅಜ್ಜಿ ಮನೆ’ ಗುಂಪಿಗೆ ಇದು ಬಂತು. ಕಳಿಸಿದವರು ಸುರೇಶ ಚಿಕ್ಕಪ್ಪ.

“ಕಟು ಸತ್ಯ!! ಉಪ್ಪಿನಕಾಯಿ, ಊದಿನಕಡ್ಡಿ, ಬೀಗ, ಸ್ಟೀಲ್ ಬೀರು ಸಣ್ಣ ಕೈಗಾರಿಕೆಗಳೇ ಮಾಡಬೇಕೆಂದು 1947ರಲ್ಲೇ ಕಾನೂನಿತ್ತು. ರಾತ್ರೋರಾತ್ರಿ ತೆಗೆದುಹಾಕಿದರು! 10 ಗುಂಪಿಗೆ ಕಳಿಸಿ.”

ಎಂಟು ಜನ ಕೈಮುಗಿದರು. ಓದಿದವರು ಎಷ್ಟು ಜನವೋ.

ಪವನ್: ಚಿಕ್ಕಪ್ಪ, ಇದು ಎಲ್ಲಿಂದ ಬಂತು? 1947 ಅಲ್ಲ, 1967. ಶುರುವಿನಲ್ಲಿ ಸಣ್ಣ ಕೈಗಾರಿಕೆಗೆ ಮೀಸಲಿಟ್ಟಿದ್ದು 47 ವಸ್ತು. ಆಮೇಲೆ ಎಂಟುನೂರು ದಾಟಿತು. ರಾತ್ರೋರಾತ್ರಿ ತೆಗೆದಿದ್ದೂ ಅಲ್ಲ. 1997ರಿಂದ ಸ್ವಲ್ಪ ಸ್ವಲ್ಪವೇ ತೆಗೆದು, ಕೊನೆಯ 20 ಹೋಗಿದ್ದು 2015ರ ಏಪ್ರಿಲ್‌ನಲ್ಲಿ. ನೀವು ಹೇಳಿದ ನಾಲ್ಕೂ ಆ ಇಪ್ಪತ್ತರಲ್ಲಿದ್ದವು.

ಚಿಕ್ಕಪ್ಪ: ಅಂದರೆ ನಿಜ ಅಂತಾಯಿತಲ್ಲ!

ಪವನ್: ಅರ್ಧ. ಅದೇ ತಿಂಗಳು ಮುದ್ರಾ ಸಾಲ ಶುರುವಾಯಿತು, ಅಡಮಾನ ಇಲ್ಲದೆ 10 ಲಕ್ಷದವರೆಗೆ. ಅದನ್ನೂ ಬರೆಯಬೇಕಿತ್ತು ಅಲ್ವಾ?

ಚಿಕ್ಕಪ್ಪ: ನನಗೆ ಬೇಕಾದಾಗ ಎಲ್ಲಿತ್ತಪ್ಪ ಮುದ್ರಾ? ನಿಮ್ಮಪ್ಪನ ಥರಾನೇ ಲೆಕ್ಕ ಹಿಡಿಯೋದು ನೀನು.

ಇಲ್ಲಿಗೆ ಊದಿನಕಡ್ಡಿಯ ಕಥೆ ಮುಗಿಯಿತು. ದೊಡ್ಡಪ್ಪ ‘ಟೈಪಿಂಗ್’ ಎಂದು ಆರು ನಿಮಿಷ ತೋರಿಸಿದರು.

ದೊಡ್ಡಪ್ಪ: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಎಂಬತ್ತರ ದಶಕ ಅಂದರೆ ಸಾಲ ಮೇಳದ ಕಾಲ, ಬ್ಯಾಂಕಿನವರು ಜನ ಸೇರಿಸಿ ಸಾಲ ಹಂಚುತ್ತಿದ್ದರು. ಸಿಗುತ್ತೆ ಅಂತ ಎಲ್ಲರೂ ತೆಗೆದುಕೊಂಡರು. ಸರ್ಕಾರ ಕೊಟ್ಟಿದ್ದು ಸಾಲ, ದಾನ ಅಲ್ಲ. ಇದು ಯಾರಿಗೂ ಬೊಟ್ಟು ಮಾಡಿ ಹೇಳಿದ್ದಲ್ಲ.

ಚಿಕ್ಕಪ್ಪ: ಅಣ್ಣ, ನನಗೇ ಹೇಳಿದ್ದು ಅಂತ ಗೊತ್ತು. 1986ರಲ್ಲಿ ಶೀಟ್ ಬಗ್ಗಿಸುವ ಮಷೀನ್ ಶೆಡ್ಡಿಗೆ ಬಂತು, ಕರೆಂಟ್ ಬಂದಿದ್ದು ಎಂಟು ತಿಂಗಳ ಮೇಲೆ. ಬಡ್ಡಿ ಮಾತ್ರ ಮೊದಲ ದಿನದಿಂದಲೇ. ಬೀರು ಮಾಡೋ ಹಕ್ಕು ನನಗೆ ಕೊಟ್ಟರು ಸರಿ, ಕರೆಂಟ್ ಯಾರು ಕೊಡಬೇಕಿತ್ತು?

ಶೋಭಕ್ಕ: ಉಪ್ಪಿನಕಾಯಿ ಅಂದ ಕೂಡಲೇ ಅಜ್ಜಿಯ ಪಿಂಗಾಣಿ ಜಾಡಿ ನೆನಪಾಯಿತು 😢 ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮುಟ್ಟಿದರೆ ಕೈ ಮೇಲೆ ಏಟು. ಆ ಮಿಡಿಗಾಯಿ ಈಗ ಎಲ್ಲಿ?

ಪವನ್: ಶೋಭಕ್ಕ, ಅಜ್ಜಿ ಮಾರುತ್ತಿರಲಿಲ್ಲ. ಸಣ್ಣ ಕೈಗಾರಿಕೆಯ ಮೀಸಲಾತಿಗೂ ಜಾಡಿಗೂ ಸಂಬಂಧ ಇಲ್ಲ.

ಶೋಭಕ್ಕ: ನಿನಗೆ ಎಲ್ಲಕ್ಕೂ ಸಂಬಂಧ ಬೇಕು.

ಪವನ್ ಬಿಡಲಿಲ್ಲ. ಮಷೀನಿನ ಮೇಲೆ ಹಾಕುವ ಬಂಡವಾಳಕ್ಕೆ ಮಿತಿ ಇತ್ತು, 1980ರಲ್ಲಿ 20 ಲಕ್ಷ, 1985ರಲ್ಲಿ 35 ಲಕ್ಷ. ದಾಟಿದರೆ ‘ಸಣ್ಣ’ ಅನ್ನಿಸಿಕೊಳ್ಳುವಂತಿಲ್ಲ. ಹಾಗಾಗಿ ಎಷ್ಟೋ ಜನ ದೊಡ್ಡದು ಮಾಡುವ ಬದಲು ಹೆಂಡತಿ ಹೆಸರಲ್ಲಿ ಇನ್ನೊಂದು ಶೆಡ್ ತೆರೆದರು ಅಂತ ಬರೆದ. ನನಗೆ ಇಡೀ ದಿನದಲ್ಲಿ ಉಪಯೋಗಕ್ಕೆ ಬಂದ ಮಾತು ಇದೊಂದೇ. ಯಾರೂ ಒಂದು ಹೆಬ್ಬೆರಳೂ ಹಾಕಲಿಲ್ಲ.

ದೊಡ್ಡಪ್ಪ: ನಮ್ಮ ಸುರೇಶನಿಗೆ 35 ಲಕ್ಷದ ಚಿಂತೆ ಬರಲಿಲ್ಲ. 60 ಸಾವಿರಕ್ಕೇ ನನ್ನ ಮನೆ ಬಾಗಿಲಿಗೆ ನೋಟಿಸ್ ಬಂತು.

ಚಿಕ್ಕಪ್ಪ: ಜಾಮೀನು ಹಾಕು ಅಂತ ನಾನು ಕಾಲು ಹಿಡಿದಿದ್ದೆನಾ? ಅಪ್ಪ ಹೇಳಿದರು, ನೀನು ಸಹಿ ಹಾಕಿದೆ. ಕೊನೆಯ ಕಂತು ಕಟ್ಟಿದವನು ನಾನೇ. ರಸೀದಿ ಇದೆ.

ದೊಡ್ಡಪ್ಪ: ನಡುವಿನ ನಾಲ್ಕು ಕಂತು?

ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಮೈಸೂರಿನ ಭಾವ ಒಂದು ಶುಭೋದಯದ ಗುಲಾಬಿ ಹಾಕಿ, ತಕ್ಷಣ ಅಳಿಸಿದರು.

ಆಮೇಲೆ ಚಿಕ್ಕಪ್ಪ ಒಂದು ಫೋಟೊ ಕಳಿಸಿದರು. ಅವರ ಶೆಡ್ಡಿನ ಹಸಿರು ಬೀರು. ನಮ್ಮನೆಯಲ್ಲೂ ಅಂಥದ್ದೇ ಇದೆ. ಬಲಗಡೆ ಬಾಗಿಲನ್ನು ಮೊಣಕಾಲಿನಿಂದ ಒಂಚೂರು ಎತ್ತಿದರೇನೇ ಬೀಗ ಬೀಳುತ್ತದೆ. 38 ವರ್ಷದಿಂದ ಎತ್ತುತ್ತಿದ್ದೇವೆ. ತುಕ್ಕು ಮಾತ್ರ ಹಿಡಿದಿಲ್ಲ, ಅದನ್ನು ಒಪ್ಪಲೇಬೇಕು.

ಸರೋಜತ್ತೆ: ರಸೀದಿ ಜಗಳ ಆಮೇಲೆ ಆಡಿ. ಅಮ್ಮನ ಬೀರುವಿನ ಬೀಗದಕೈ ಯಾರ ಹತ್ತಿರ ಇದೆ? ನನ್ನ ಎರಡು ರೇಷ್ಮೆ ಸೀರೆ ಅದರಲ್ಲೇ ಉಳಿದಿವೆ.

ನೋಡಿದವರು 23 ಜನ. ಉತ್ತರ ಇನ್ನೂ ಬಂದಿಲ್ಲ.