ಅಲೆಗಳು ಪರಸ್ಪರ ಅಳಿಸಿಕೊಂಡಾಗ ಶಕ್ತಿ ಎಲ್ಲಿರುತ್ತದೆ?

ಪ್ರಶ್ನೆ: ನಷ್ಟವಿಲ್ಲದ 50 ಓಮ್ ಕೋಆಕ್ಸಿಯಲ್ ಕೇಬಲ್ಲಿನ (ನಡುವಿನ ತಂತಿಯನ್ನು ಹೊರವಾಹಕ ಸುತ್ತುವರಿದ ಕೇಬಲ್; ಇದರಲ್ಲಿ ಸಾಗುವ ಅಲೆಯ ವೋಲ್ಟೇಜ್ ಮತ್ತು ಪ್ರವಾಹದ ಅನುಪಾತವೇ 50 ಓಮ್) ಎರಡೂ ತುದಿಗಳಿಂದ ಸಮಾನ ಅವಧಿಯ +1 ಮತ್ತು −1 ವೋಲ್ಟ್ ಸ್ಪಂದಗಳನ್ನು (ಪಲ್ಸ್) ಕಳುಹಿಸಿದರೆ, ಅವು ನಡುವೆ ಪೂರ್ತಿ ಒಂದರ ಮೇಲೊಂದು ಬಂದ ಕ್ಷಣ ವೋಲ್ಟೇಜ್ ಸೊನ್ನೆಯಾಗುತ್ತದೆ. ಆಗ ಶಕ್ತಿ ಎಲ್ಲಿರುತ್ತದೆ?

ಉತ್ತರ 1: ದಯವಿಟ್ಟು ವಿದ್ಯುತ್ ಪ್ರವಾಹವನ್ನೂ ಗಮನಿಸಿ. ಎದುರಿನಿಂದ ಬರುವ ಋಣ ಸ್ಪಂದದ ಪ್ರವಾಹವು ಮೊದಲನೆಯದರ ದಿಕ್ಕಿನಲ್ಲಿಯೇ ಇರುವುದರಿಂದ, 20 ಮಿಲಿಆಂಪಿಯರ್ ಇದ್ದದ್ದು 40 ಆಗುತ್ತದೆ. ಒಂಟಿ ಸ್ಪಂದದ ಶಕ್ತಿಯಲ್ಲಿ ಅರ್ಧ ವಿದ್ಯುತ್ ಕ್ಷೇತ್ರದಲ್ಲಿ, ಅರ್ಧ ಕಾಂತಕ್ಷೇತ್ರದಲ್ಲಿ ಇರುತ್ತದೆ. ಪ್ರವಾಹ ಇಮ್ಮಡಿಯಾದಾಗ ಆ ಕಾಂತೀಯ ಅರ್ಧ ನಾಲ್ಕು ಪಟ್ಟಾಗಿ, ಎರಡು ಸ್ಪಂದಗಳ ಒಟ್ಟು ಶಕ್ತಿಗೆ ಕರಾರುವಾಕ್ಕಾಗಿ ಸಮವಾಗುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಪ್ರತಿಫಲನಗಳು ನಿರಂತರವಾಗಿ ಅಳಿಸಿಹೋಗುವ ಕಾಲು ತರಂಗಾಂತರದ ಹೊಂದಾಣಿಕೆಯಲ್ಲಿ, ಅಂದರೆ ತಂತಿಗೂ ಹೊರೆಗೂ (ಶಕ್ತಿಯನ್ನು ಬಳಸುವ ಸಾಧನ) ನಡುವೆ ಅಲೆಯ ಉದ್ದದ ಕಾಲು ಭಾಗದಷ್ಟು ಉದ್ದದ ತುಂಡನ್ನು ಇಟ್ಟಾಗ, ಶಕ್ತಿ ಎಲ್ಲಿಗೆ ಹೋಗುತ್ತದೆ?

ಉತ್ತರ 2: 50 ಓಮ್ ತಂತಿಗೂ 100 ಓಮ್ ಹೊರೆಗೂ ನಡುವೆ 70.7 ಓಮ್‌ನ ತುಂಡನ್ನು ಇಟ್ಟಾಗ, ಸ್ಥಿರಸ್ಥಿತಿಯಲ್ಲಿ ಹಿಂದಕ್ಕೆ ಹೋಗುವ ಪ್ರತಿಫಲನಗಳಲ್ಲಿ ಅಳಿದಷ್ಟು ಶಕ್ತಿ ಮುಂದಕ್ಕೆ ಕೂಡಿ ಹೊರೆಯನ್ನೇ ಸೇರುತ್ತದೆ.