1985ರ ಎಸ್‌ಎಸ್80 ಮಾರುತಿ: ಪಾರ್ಟ್ಸ್ ಎಲ್ಲಿ, ಮೊದಲು ಏನು ಮಾಡಿಸಲಿ?

ಹೊಸಬ_ಬಸವನಗುಡಿ: ಮೊದಲ ಪ್ರಾಜೆಕ್ಟ್ ಕಾರು, ಜಪಾನೀಸ್ ವಿಂಟೇಜ್ ಅಂತ ಆಸೆಪಟ್ಟು ತಗೊಂಡಿದ್ದು. 1985ರ ಮಾರುತಿ 800, ಹಳೇ ಎಸ್‌ಎಸ್80 ಬಾಡಿ. ಆರು ವರ್ಷದಿಂದ ಶೆಡ್‌ನಲ್ಲಿ ನಿಂತಿದೆ. ಎಂಜಿನ್ ಜಾಮ್, ಫ್ಲೋರ್ ತುಕ್ಕು. ಕೈಯಲ್ಲಿರೋದು ಒಂದೂವರೆ ಲಕ್ಷ. ಅನುಭವ ಇರೋರು ಹೇಳಿ.

ಮೂರು_ಸಿಲಿಂಡರ್: ಎಂಜಿನ್‌ಗೆ ಹೆದರಬೇಡಿ. 796 ಸಿಸಿಯ ಎಫ್8ಬಿ, 1986ರ ಹೊಸ ಬಾಡಿಗೂ ಅದೇ ಬಂತು. ಪಿಸ್ಟನ್, ರಿಂಗ್, ಬೇರಿಂಗ್ ಜೆ.ಸಿ. ರೋಡಲ್ಲಿ ಸಿಗತ್ತೆ. ಬೋರ್ (ಸಿಲಿಂಡರ್ ಒಳವ್ಯಾಸ) 68.5 ಮಿ.ಮೀ., ಸವೆದಿದ್ರೆ 0.50 ಓವರ್‌ಸೈಜ್ ಪಿಸ್ಟನ್ ಹಾಕಿ 69 ಮಾಡಿಸಿ. ಸಿಗದೇ ಇರೋದು ಗಾಜು, ಬೀಡಿಂಗ್ (ಗಾಜಿನ ಸುತ್ತಲಿನ ರಬ್ಬರ್), ಲ್ಯಾಂಪ್, ಗ್ರಿಲ್. ಹೊಸ ಬಾಡಿದು ಇದಕ್ಕೆ ಕೂರಲ್ಲ. ಶಿವಾಜಿನಗರದ ಗುಜರಿಲಿ ಎಸ್‌ಎಸ್80 ಕಣ್ಣಿಗೆ ಬಿದ್ರೆ ಬಾಗಿಲು, ಗಾಜು ಸಮೇತ ಎತ್ಕೊಂಡು ಬನ್ನಿ. ಎಂಜಿನ್ ಅಲ್ಲೇ ಬಿಡಿ.

ಜಾಮ್ ಬಿಡಿಸೋಕೆ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೂ ಅರ್ಧ ಡೀಸೆಲ್ ಅರ್ಧ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಸುಮಾರು 20 ಮಿ.ಲೀ. ಬಿಡಿ. ಮೂರು ದಿನ ಹಾಗೇ ಇರಲಿ. ಆಮೇಲೆ ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಆಡಿಸಿ. ಸ್ಟಾರ್ಟರ್ ಹೊಡೀಬೇಡಿ, ಗೇರ್ ಹಾಕಿ ತಳ್ಳಬೇಡಿ, ರಿಂಗ್ ಮುರಿಯತ್ತೆ. ಟೈಮಿಂಗ್ ಬೆಲ್ಟ್ ಎಷ್ಟು ಚೆನ್ನಾಗಿ ಕಂಡ್ರೂ ಬದಲಾಯಿಸಿ.

ಟಿಂಕರಿಂಗ್_ಬಿಲ್: ಒಂದೂವರೆ ಲಕ್ಷನಾ? ನಂದು ಅದೇ ಮಾಡೆಲ್. ಫ್ಲೋರ್, ಸಿಲ್ (ಬಾಗಿಲ ಕೆಳಗಿನ ಪಟ್ಟಿ), ಬ್ಯಾಟರಿ ಟ್ರೇ ಟಿಂಕರಿಂಗ್ 68,000. ಪೇಂಟ್ 54,500. ಬೀಡಿಂಗ್ 9,800, ಅದರಲ್ಲಿ 3,200ರದ್ದು ಅಳತೆ ತಪ್ಪು, ವಾಪಸ್ ತಗೊಳ್ಳಲಿಲ್ಲ. ಅಲ್ಲಿಗೇ 1,32,300, ಇನ್ನೂ ಎಂಜಿನ್ ಮುಟ್ಟಿಲ್ಲ. ಮೊದಲ ಸಲ ಗ್ಯಾಸ್ ವೆಲ್ಡಿಂಗ್ ಮಾಡಿ ತಗಡು ಅಲೆಅಲೆ ಆಯ್ತು, ಅದನ್ನು ಪುಟ್ಟಿ ಮೆತ್ತಿ ಮುಚ್ಚಿದ್ರು. ಮತ್ತೆ ಕೀಳಿಸಿ 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್, ಮಿಗ್ ವೆಲ್ಡಿಂಗ್‌ನಲ್ಲಿ ಒಂದೊಂದು ಚುಕ್ಕೆ, ಆರೋಕೆ ಬಿಟ್ಟು ಇನ್ನೊಂದು. ಮ್ಯಾಗ್ನೆಟ್ ಹಿಡ್ಕೊಂಡು ಹೋಗಿ, ಅಂಟದ ಜಾಗ ಎಲ್ಲಾ ಪುಟ್ಟಿ.

ಕಾರ್ಬ್_ದ್ವೇಷಿ: ಕಾರ್ಬ್ಯುರೇಟರ್ ಕಿತ್ತು ಎಂಪಿಎಫ್‌ಐ (ಫ್ಯೂಯೆಲ್ ಇಂಜೆಕ್ಷನ್) ಎಂಜಿನ್ ಕೂರಿಸಿ, ನೆಮ್ಮದಿ. ನಾನು ಹಾಗೇ ಮಾಡಿರೋದು, ಒಂದು ದಿನ ಪಶ್ಚಾತ್ತಾಪ ಇಲ್ಲ.

ಮೂರು_ಸಿಲಿಂಡರ್: ಎಂಜಿನ್ ನಂಬರ್ ಆರ್‌ಸಿಲಿ ಬದಲಾಗಿದ್ಯಾ ಸ್ವಾಮಿ? ಇಲ್ದಿದ್ರೆ ಎಫ್‌ಸಿಗೆ ಹೋದ ದಿನ ಪಶ್ಚಾತ್ತಾಪ ಬರತ್ತೆ. ಕಾರ್ಬ್ ತಪ್ಪಲ್ಲ, ಅದನ್ನು ಕೆಡಿಸೋರ ತಪ್ಪು. ಜೆಟ್‌ಗೆ (ಪೆಟ್ರೋಲ್ ಹಾಯೋ ಸಣ್ಣ ತೂತಿನ ಭಾಗ) ತಂತಿ ತೂರಿಸಿ ತೂತು ದೊಡ್ಡದು ಮಾಡ್ತಾರೆ. ಸ್ಪ್ರೇ, ಗಾಳಿ, ಅಷ್ಟೇ. ಐಡ್ಲಿಂಗ್ ಏರಿಳಿದ್ರೆ ಥ್ರಾಟಲ್ ಶಾಫ್ಟ್ ಆಡಿಸಿ ನೋಡಿ. ಸವೆದಿದ್ರೆ ಗಾಳಿ ಎಳೀತಿದೆ, ಲೇತ್‌ನಲ್ಲಿ ಹಿತ್ತಾಳೆ ಬುಷ್ ಹಾಕಿಸಿ.

ಕಾರ್ಬ್_ದ್ವೇಷಿ: ಇ20 ಪೆಟ್ರೋಲ್ (20% ಎಥನಾಲ್) ಕುಡಿಸಿ ಆಮೇಲೆ ಮಾತಾಡಿ. ಹಳೇ ರಬ್ಬರ್ ಊದಿ ಬಿರಿಯತ್ತೆ.

ಮೂರು_ಸಿಲಿಂಡರ್: ಅದಕ್ಕೇ ಎಥನಾಲ್ ತಡೆಯೋ ಹೋಸ್, ಹೊಸ ಡಯಾಫ್ರಮ್. ಎಥನಾಲ್ ನೀರು ಹೀರತ್ತೆ, ಟ್ಯಾಂಕ್ ತುಕ್ಕೆಲ್ಲಾ ಜೆಟ್‌ಗೆ ಬರತ್ತೆ. ಹೊಸಬರೇ, ಟ್ಯಾಂಕ್ ಇಳಿಸಿ ತೊಳೀದೆ ಸ್ಟಾರ್ಟ್ ಮಾಡಬೇಡಿ.

ಲೀಫ್_ಸ್ಪ್ರಿಂಗ್: 800 ಬಿಟ್ಟು ಜಿಪ್ಸಿ ತಗೋಬೇಕಿತ್ತು. ಜಪಾನಿನ ಸುಜುಕಿ ಎಸ್‌ಜೆ410 ಇದೇ, ಪಾರ್ಟ್ಸ್ ಪ್ರಪಂಚದಲ್ಲೆಲ್ಲಾ ಇದೆ. ಸ್ಪೀಡಲ್ಲಿ ಸ್ಟೀರಿಂಗ್ ನಡುಗಿದ್ರೆ ಎಲ್ಲರೂ ಡ್ಯಾಂಪರ್ ಮಾರ್ತಾರೆ, ವೀಲ್ ಬ್ಯಾಲೆನ್ಸ್ ಸರಿ ಇದ್ರೆ ರೋಗ ಕಿಂಗ್‌ಪಿನ್ (ಮುಂದಿನ ಚಕ್ರ ತಿರುಗಿಸೋ ಕೀಲು) ಬೇರಿಂಗ್‌ದು. ಸ್ಪ್ರಿಂಗ್ ತಕ್ಕಡಿಲಿ ಎಳೆದು ಬಿಗಿ ನೋಡಿ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೀಬೇಕು. ಇನ್ನೊಂದು, ಸುಜುಕಿ ಪಾರ್ಟ್ ನಂಬರ್ ಓದೋದು ಕಲೀರಿ. 09283 ಅಂದ್ರೆ ಆಯಿಲ್ ಸೀಲ್, 09262 ಬೇರಿಂಗ್. ಗೆರೆಯಾದ ಮೇಲಿನ ಮೊದಲೆರಡು ಅಂಕಿ ಒಳವ್ಯಾಸ. ವರ್ನಿಯರ್‌ನಲ್ಲಿ ಹೊರವ್ಯಾಸ, ದಪ್ಪ ಅಳೆದು ಬೇರಿಂಗ್ ಅಂಗಡಿಲಿ ಕೇಳಿ, ಕಾರಿನ ಹೆಸರೇ ಎತ್ತಬೇಡಿ. ಎತ್ತಿದ್ರೆ ‘ಬರಲ್ಲ ಸರ್’ ಅಂತಾರೆ.

ಟಿಂಕರಿಂಗ್_ಬಿಲ್: ಕೇಳಿರೋದು 800 ಬಗ್ಗೆ, ನಿಮ್ಮ ಜಿಪ್ಸಿ ಪುರಾಣ ಯಾಕೆ?

ಲೀಫ್_ಸ್ಪ್ರಿಂಗ್: ಸೀಲ್ ನಂಬರ್ 800ಗೂ ಅದೇ ಲೆಕ್ಕ. ಪೂರ್ತಿ ಓದಿ ಮಾರಾಯ್ರೆ.

ಕಾರ್ಬ್_ದ್ವೇಷಿ: ಅಂದಹಾಗೆ ಗುರುಗ್ರಾಮದಲ್ಲಿ ಜೋಡಿಸಿದ್ದು ಜಪಾನೀಸ್ ಹೇಗಾಗತ್ತೆ? ವಿಂಟೇಜೂ ಅಲ್ಲ. 2021ರ ನಿಯಮದಲ್ಲಿ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ಆಗಿರಬೇಕು. 1985ರದ್ದಕ್ಕೆ 2035.

ಮೂರು_ಸಿಲಿಂಡರ್: ಅದೇ ನಿಯಮದಲ್ಲಿ ಎಂಜಿನ್, ಬಾಡಿ ದೊಡ್ಡದಾಗಿ ಬದಲಾಗಿರಬಾರದು ಅಂತನೂ ಇದೆ. 2035ರಲ್ಲಿ ನಿಮ್ಮ ಎಂಪಿಎಫ್‌ಐ ತಗೊಂಡು ಬನ್ನಿ, ನೋಡೋಣ.

ಹೊಸಬ_ಬಸವನಗುಡಿ: ಎಟಿಎಫ್ ಬಿಟ್ಟಿದ್ದೀನಿ. ಮುಂದಿನ ಗಾಜಲ್ಲೂ ಬಿರುಕಿದೆ, ಅದನ್ನ ಹೇಳೋಕೆ ಮರೆತಿದ್ದೆ.

ಟಿಂಕರಿಂಗ್_ಬಿಲ್: ಬಿಸಾಡಬೇಡಿ! ಹೊಸ ಗಾಜಿನ ಅಚ್ಚಿಗೆ ಹಳೇದೇ ಬೇಕು.